ಎಳೆ, ತಳ್ಳಬೇಡ

ಎರಡು ಹಿಡಿಯ ಗರಗಸಕ್ಕೆ ಒಂದೇ ನಿಯಮ:
ಎಳೆ, ತಳ್ಳಬೇಡ.
ನಿನ್ನ ಸರದಿ ಮುಗಿದೊಡನೆ ಕೈ ಸಡಿಲ ಬಿಡು,
ಆಚೆಯವಳು ಎಳೆದುಕೊಳ್ಳಲಿ.
ಹೀಗೆಂದವಳು ಗ್ರೆಟಾ, ನಮ್ಮ ತಂಡದ ನಾಯಕಿ,
ಇಪ್ಪತ್ಮೂರರ ಮುದುಕಿ.
ನಮಗೆಲ್ಲ ಹದಿನಾರು, ಹದಿನೇಳು.
ಎಂಬತ್ನಾಲ್ಕರ ಬೇಸಿಗೆ, ಐಡಾಹೋದ ಬೆಟ್ಟ,
ಕಾಡಿನ ಕಾಲುದಾರಿ ಕಡಿಯುವ ಕೆಲಸ,
ರಾತ್ರಿಗೆ ಬೀನ್ಸು, ಬೆಳಗ್ಗೆ
ರಾತ್ರಿ ಉಳಿದ ಬೀನ್ಸು.

ಈಗ ನಾನು ಜಿಲ್ಲಾ ದಾಖಲೆ ಕಚೇರಿಯಲ್ಲಿ
ಎರಡನೇ ಕಿಟಕಿ.
ಹುಟ್ಟು, ಮದುವೆ, ಅಡಮಾನ, ಸಾವು
ಎಲ್ಲಕ್ಕೂ ಒಂದೇ ಠಸ್ಸೆ, ಒಂದೇ ನೀಲಿ ಶಾಯಿ.
ಯಾರನ್ನೂ ಹುಡುಕಿಕೊಂಡು ಹೋದವಳಲ್ಲ ನಾನು.
ಗಾಜಿನಡಿಯ ಸಂದಿಯಲ್ಲಿ
ಹೆಸರುಗಳೇ ತೂರಿ ಬಂದವು.

ಮಿಕೆಲ್ ಉರಿಯಾರ್ಟೆ.
ಕುರಿ ಕಾಯುತ್ತಿದ್ದ ಅಜ್ಜನ ನಲವತ್ತು ಎಕರೆಯ ಕ್ರಯಪತ್ರ.
ಬೋಯ್ಸಿಯಲ್ಲಿ ಹಲ್ಲಿನ ವೈದ್ಯನಂತೆ.
ನಕ್ಕ. ಮುಂಗಲ್ಲಿನ ಮೂಲೆ ಮುರಿದೇ ಇತ್ತು,
ಅಂದು ನನ್ನ ಹಾರೆ ಜಾರಿ ಬಡಿದದ್ದು.
‘ಇನ್ನೂ ಸರಿ ಮಾಡಿಸಿಕೊಂಡಿಲ್ಲವಾ?’
‘ರೋಗಿಗಳಿಗೆ ಧೈರ್ಯ ಬರುತ್ತೆ’ ಅಂದ,
ನನ್ನ ಹೆಸರು ಮಾತ್ರ
ಅವನ ಬಾಯಿಗೆ ಬರಲಿಲ್ಲ.

ಲೈಲ್ ಪೆಟಿಬೋನ್ ಬಂದದ್ದು ತಂಗಿಯ ಕೈಯಲ್ಲಿ.
ಕಾರಣ ಎಂಬ ಅಂಕಣದಲ್ಲಿ ನಾಲ್ಕು ಪದ,
ಓದಿದೆ; ಇಲ್ಲಿ ಬರೆಯಲಾರೆ.
ವೃತ್ತಿ ಎಂಬಲ್ಲಿ ಅವಳು ಬರೆಸಿದ್ದು:
ಛಾವಣಿ ಕೆಲಸ, ಗೋದಾಮು, ಇತರೆ.
ಕಣಜ ಕಚ್ಚಿ ಕಣ್ಣು ಮುಚ್ಚುವಷ್ಟು ಊದಿದ್ದ ನನ್ನನ್ನು
ಬೆನ್ನ ಮೇಲೆ ಹೊತ್ತು, ದಾರಿಯುದ್ದ ಬೈಯುತ್ತ,
ಆರು ಮೈಲಿ ಇಳಿಸಿದ್ದ ಅವನು.
ಅದೂ ಇತರೆ.
ಠಸ್ಸೆ ಒತ್ತಿದೆ. ಸ್ವಲ್ಪ ಓರೆಯಾಯಿತು.

ಗ್ರೆಟಾ ಎಲ್ಲಿದ್ದಾಳೋ. ಈಗ ನಿಜವಾಗಿಯೂ ಮುದುಕಿ.

ಗರಗಸದ ಆಚೆ ತುದಿಯಲ್ಲಿದ್ದವಳು
ನೊರೀನ್ ಎಡ್ಮೋ, ಫೋರ್ಟ್ ಹಾಲ್‌ನ ಹುಡುಗಿ.
ಬೇಸಿಗೆಯುದ್ದಕ್ಕೂ ಎದುರುಬದುರು ಮಂಡಿಯೂರಿ
ಮರದ ದಪ್ಪದಷ್ಟೇ ದೂರದಲ್ಲಿ ಉಸಿರಾಡಿದೆವು.
ಅವಳ ಕಾಗದ ನನ್ನ ಕಿಟಕಿಗೆ ಬರುವುದಿಲ್ಲ,
ಅವರ ಜನಕ್ಕೆ ಬೇರೆ ಕಚೇರಿ, ಬೇರೆ ಠಸ್ಸೆ.
ಒಮ್ಮೆ ಪೆಟ್ರೋಲ್ ಬಂಕಿನಲ್ಲಿ
ಕಾಡ್ಗಿಚ್ಚಿನವರ ಹಸಿರು ಗಾಡಿಯಿಂದ ಇಳಿದವಳ
ಎಡಭುಜ ನೋಡಿ ಅವಳೇ ಅನ್ನಿಸಿತು.
ಕೂಗಲು ಬಾಯಿ ತೆರೆದೆ.
ನನ್ನ ಟ್ಯಾಂಕು ತುಂಬಿತು, ಹಿಂದಿನವನು ಹಾರ್ನು ಒತ್ತಿದ.

ಹೋದ ಸೆಪ್ಟೆಂಬರಿನಲ್ಲಿ ಹತ್ತಿದೆ,
ಒಂದು ಮಂಡಿ ನಂದು, ಇನ್ನೊಂದು ಆಸ್ಪತ್ರೆಯದು.
ಬೆಂಕಿ ಬಿದ್ದ ಮೇಲೆ ದಾರಿಯನ್ನೇ
ಆಚೆ ಬೆಟ್ಟಕ್ಕೆ ಸರಿಸಿದ್ದಾರೆ,
ಹಳೆಯದು ನಕ್ಷೆಯಲ್ಲಿಲ್ಲ.
ನಾವು ಕಟ್ಟಿದ ಕಲ್ಲುಗೋಡೆ ಇದೆ.
ಗ್ರೆಟಾ ಮೂರು ಸಲ ಒದ್ದು ನೋಡಿದ್ದಳು,
ಮೂರು ಸಲ ಅಲುಗಿತ್ತು,
ಮೂರು ಸಲ ಕಿತ್ತು ಕಟ್ಟಿಸಿದ್ದಳು.
ಈಗ ಯಾವ ಕಾಲೂ ತುಳಿಯದ ದಾರಿಯನ್ನು
ಹೊತ್ತು ನಿಂತಿದೆ.
ನಾನೂ ಒದ್ದೆ.
ಅಲುಗಲಿಲ್ಲ, ಬೆರಳು ನೊಂದಿತು.

ಅದರಾಚೆ ಅಡ್ಡ ಬಿದ್ದ ಲಾರ್ಚ್ ಮರವೊಂದನ್ನು
ಯಾರೋ ಕೊಯ್ದು ಬದಿಗೆ ಉರುಳಿಸಿದ್ದಾರೆ.
ಯಂತ್ರದ ಪುಡಿಯಲ್ಲ:
ನೆಲದ ತುಂಬ ಶಾವಿಗೆಯಂಥ ಉದ್ದುದ್ದ ಎಳೆ,
ಹಲ್ಲು ಮಸೆಯಲು ಬಲ್ಲವರ ಗರಗಸ ಮಾತ್ರ ಬಿಡುವಂಥದ್ದು.
ಮೂಗಿಗೆ ಹಿಡಿದೆ. ಇನ್ನೂ ಹಸಿ,
ವಾರವೂ ಆಗಿರಲಿಕ್ಕಿಲ್ಲ.

ಕೊಯ್ದ ಮೈ ನುಣುಪು. ಎಲ್ಲೂ ತಡವರಿಸಿಲ್ಲ.
ಒಬ್ಬರು ಎಳೆದಿದ್ದಾರೆ,
ಒಬ್ಬರು ಬಿಟ್ಟಿದ್ದಾರೆ.
ಮರದ ಎರಡೂ ಬದಿ ಮಂಡಿಯ ಗುರುತು ಹುಡುಕಿದೆ.
ಈ ಬದಿ ಎರಡು ಗುಳಿ.
ಆ ಬದಿ
ಒಂದು ಗುಳಿ, ಮತ್ತೆ ಚಾಚಿದ ಕಾಲೊಂದರ ಹಿಮ್ಮಡಿ ಎಳೆದ ಗೀಟು,
ಮಂಡಿ ಮಡಿಸಲಾಗದ ಯಾರದೋ.