ಒಂದಲ್ಲ, ಎರಡಲ್ಲ

ಆ ದಿನದ ನಾಯಕಿ ನಾನು.
ಕೊರಳಿಗೆ ತೂಗುಹಾಕಿದ ಚೀಟಿಯಲ್ಲಿ ಹಾಗೆಂದು ಬರೆದಿತ್ತು,
ಹಸಿರು ಶಾಯಿಯಲ್ಲಿ, ಇಂಗಾ ಎಂಬ ಹೆಸರಿಗಿಂತ ದಪ್ಪಗೆ.
ಕಿಶಿನೌ ನಗರದ ಹಾಸ್ಟೆಲಿನಲ್ಲಿ ಮೂರು ದಿನ
ತಮಾರಾ ಬಿಳಿ ಹಲಗೆಯ ಮೇಲೆ ತ್ರಿಕೋನ ಬಿಡಿಸಿ
ಮೂಲೆಗೊಂದು ಗುಣ ಸಿಕ್ಕಿಸಿದ್ದಳು:
ದೂರದೃಷ್ಟಿ, ಧೈರ್ಯ, ಇನ್ನೊಂದು ಮರೆತಿದ್ದೇನೆ.
ಪರಂಪರೆಗೆ ಬೇರೆಯೇ ಹಾಳೆ,
ಅದರಲ್ಲೊಂದು ಅಂಕಣ: ನಿಮ್ಮ ಹೀಬ್ರೂ ಹೆಸರು.
ಅಡ್ಡಗೆರೆ ಎಳೆದು ಮುಂದೆ ಹೋದೆ.
ನಮ್ಮಮ್ಮನ ಕಾಲದಲ್ಲಿ ಅಂಥ ಹೆಸರಿದ್ದವರೂ
ಒಣ ಸಬ್ಬಸಿಗೆಯ ಡಬ್ಬಿಯ ತಳದಲ್ಲಿಟ್ಟು
ಮುಚ್ಚಳ ಬಿಗಿದಿದ್ದರು.

ನಾಲ್ಕನೆಯ ದಿನ ಬಸ್ಸು.
ನಿಸ್ತ್ರು ಹೊಳೆ ಬಳಸುವ ಗುಡ್ಡದ ಮೇಲೆ
ಕಲ್ಲುಗಳು ಒಂದರ ಭುಜಕ್ಕೊಂದು ಒರಗಿದ್ದವು,
ಮದುವೆ ಮುಗಿಸಿ ರಾತ್ರಿ ರೈಲಿಗೆ ಕಾದವರಂತೆ.
ನಡುವೆ ಯಾರದೋ ಮೇಕೆ,
ಅದಕ್ಕೆ ಯಾವ ಮನೆತನದ ಹುಲ್ಲಾದರೂ ಒಂದೇ.

ಉಜ್ಜಬೇಡಿ ಎಂದಳು ತಮಾರಾ, ಸುಣ್ಣಗಲ್ಲು ಉದುರುತ್ತದೆ.
ನನಗೊಂದು ಕನ್ನಡಿ ಕೊಟ್ಟಳು.
ಬಿಸಿಲನ್ನು ಹಿಡಿದು ಕಲ್ಲಿನ ಕೆನ್ನೆಗೆ ಓರೆಯಾಗಿ ಬೀರಿದರೆ
ಸತ್ತ ಅಕ್ಷರಕ್ಕೂ ನೆರಳು ಹುಟ್ಟುತ್ತದೆ.
ಹಿಡಿದೆ. ಕೈ ಸೋತಿತು. ಬದಲಿಸಿ ಹಿಡಿದೆ.
ಓದಬಲ್ಲವರು ಓದಿದರು, ಬಲದಿಂದ ಎಡಕ್ಕೆ:
ಬೈಲಾ, ಹೈಮನ ಮಗಳು.
ಮೇಲೆ ಮುರಿದ ಮೇಣದ ಬತ್ತಿಯ ಕೆತ್ತನೆ.
ಹತ್ತೊಂಬತ್ತು ವರ್ಷ.
ನನಗೆ ಆ ನವೆಂಬರಿನಲ್ಲಿ ಇಪ್ಪತ್ತು ತುಂಬುವುದಿತ್ತು.

ಕದ್ದೀಶ್ ಹೇಳೋಣ ಎಂದ ಸೇವಾ, ಕಾನೂನು ಓದುವವನು.
ಅದಕ್ಕೆ ಹತ್ತು ಜನ ಬೇಕು.
ಹೆಣ್ಣನ್ನೂ ಲೆಕ್ಕಕ್ಕೆ ಹಿಡಿಯುವ ಗುಂಪು ನಮ್ಮದು,
ಆದರೂ ತಲೆ ಎಣಿಸಬಾರದು, ದೃಷ್ಟಿ ತಾಗುತ್ತದೆ.
ಕಣದಲ್ಲಿ ರಾಶಿ ಅಳೆಯುವವರು
ಮೊದಲ ಕೊಳಗಕ್ಕೆ ಲಾಭ ಅನ್ನುವ ಹಾಗೆ
ಇಲ್ಲಿಯ ಅಜ್ಜಿಯರೂ ಒಂದು ಉಪಾಯ ಹೂಡಿದ್ದರು:
ಒಂದಲ್ಲ,
ಎರಡಲ್ಲ,
ಮೂರಲ್ಲ ಎನ್ನುತ್ತ ಬಂದು
ಒಂಬತ್ತಲ್ಲ ಎಂದು ನನ್ನೆದೆ ಮುಟ್ಟಿಕೊಂಡು ನಿಂತೆ.
ಫೀಮಾ ಜ್ವರವೆಂದು ಹಾಸ್ಟೆಲಿನಲ್ಲೇ ಉಳಿದಿದ್ದ.

ನೆಲದೊಳಗೆ ಎಷ್ಟು ಜನ! ಒಂದಲ್ಲ, ಎರಡಲ್ಲ.
ನೆಲದ ಮೇಲೆ ಮಾತ್ರ
ಒಬ್ಬರು ಕಡಿಮೆ.

ಆಗ ಗೇಟಿನ ಹತ್ತಿರ
ಸೂರ್ಯಕಾಂತಿ ಬೀಜ ಸುಲಿಯುತ್ತ ನಿಂತಿದ್ದ
ಡ್ರೈವರ್ ವಲೇರಿಯು ಸಿಪ್ಪೆ ಉಗಿದು ಹೇಳಿದ,
ಯಾರಿಗೂ ಅಲ್ಲ, ಮೇಕೆಗೆ ಹೇಳಿದಂತೆ:
ನನ್ನ ತಾಯಿಯ ತಾಯಿ ಸೋಸ್ಯಾ.
ಶುಕ್ರವಾರ ಪರದೆ ಎಳೆದು ದೀಪ ಹಚ್ಚುತ್ತಿದ್ದಳು,
ಕರೆಂಟು ಇದ್ದರೂ.
ಹೊರಗೆ ಬಾಯಿ ಬಿಟ್ಟರೆ ನೋಡು ಅಂದಿದ್ದಳು.
ಬಿಟ್ಟಿರಲಿಲ್ಲ.

ಕಾಗದಪತ್ರ ಇದೆಯೇ, ಕೇಳಿದ ಸೇವಾ.
ಯಾರೋ ಕೆಮ್ಮಿದರು. ತಮಾರಾ
ನನ್ನ ಕೊರಳ ಚೀಟಿಯತ್ತ ನೋಡಿದಳು.
ತ್ರಿಕೋನ ನೆನಪಾಗಲಿಲ್ಲ, ಆಣೆಗೂ.
ನಾನು ಮಾಡಿದ್ದು ಇಷ್ಟೇ:
ರಷ್ಯನ್ ಲಿಪಿಯಲ್ಲಿ ಬರೆದುಕೊಂಡಿದ್ದ ನನ್ನ ಹಾಳೆಯನ್ನು
ಅವನ ಕೈಗಿತ್ತೆ.

ಕನ್ನಡಕ ಏರಿಸಿ ಓದಿದ ವಲೇರಿಯು,
ಪೊಲೀಸರು ಕೊಟ್ಟ ದಂಡದ ರಸೀದಿ ಓದುವಂತೆ,
ಎಡವಿ, ಹಿಂದೆ ಹೋಗಿ, ಮತ್ತೆ ಎಡವಿ.
ಅವನಿಗಾಗಿ ಎಲ್ಲರೂ ನಿಧಾನಿಸಿದರು, ಸೇವಾ ಕೂಡ.
ಹಾಳೆಯಿಲ್ಲದ ನನಗೆ ಗೊತ್ತಿದ್ದದ್ದು ಆಮೆನ್ ಒಂದೇ;
ಅದು ಬಂದಾಗಲೆಲ್ಲ ಹೇಳಿದೆ,
ಎರಡು ಕಡೆ ತಪ್ಪು ಜಾಗದಲ್ಲಿ.

ವಾಪಸು ಬರುವಾಗ ಅವನು ರೇಡಿಯೋ ಹಾಕಿದ,
ಬೆಳಿಗ್ಗೆಯದೇ ಕರ್ಕಶ ಸ್ಟೇಷನ್ನು.
ಹಾಳೆಯನ್ನು ಹಿಂದಿರುಗಿಸಲಿಲ್ಲ, ನಾನು ಕೇಳಲೂ ಇಲ್ಲ.
ತಮಾರಾ ಸಂಜೆಯ ಫಾರಂ ಹಂಚಿದಳು:
ಇಂದು ನೀವು ಯಾರನ್ನು, ಎಲ್ಲಿಗೆ ಮುನ್ನಡೆಸಿದಿರಿ?
ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತೆ.
ತೊಡೆಯ ಮೇಲೆ ಕನ್ನಡಿ ಇನ್ನೂ ಇತ್ತು,
ಪ್ರತಿ ತಿರುವಿನಲ್ಲೂ ಇಳಿಬಿಸಿಲಿನ ತುಂಡೊಂದು
ಅವನ ನರೆತ ಕತ್ತಿನ ಮೇಲೆ ಹರಿದಾಡುತ್ತ
ಏನನ್ನೋ ಓದಲು ನೋಡುತ್ತಿತ್ತು.