ಬೆರಳಚ್ಚು

ಮೊದಲು ಗಾಯ ಮಾಡಬೇಕು.
ನುಣ್ಣಗಿರುವ ಉಕ್ಕಿಗೆ ಏನನ್ನೂ ಹಿಡಿದುಕೊಳ್ಳಲು ಬಾರದು.
ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ಎರಡೂ ಕೈ ತೂರಿಸಿ
ಅಲ್ಯುಮಿನಾ ಮರಳು ಹೊಡೆಯುತ್ತೇನೆ,
ಅಚ್ಚಿನ ಹೊಳಪು ಸತ್ತು
ತೊಳೆಯದ ಸ್ಲೇಟಿನ ಬಣ್ಣಕ್ಕೆ ಬರುವ ತನಕ.

ಯಾವುದಕ್ಕೂ ಅಂಟದೇ ಇರೋದು ಇದಕ್ಕೆ ಹೆಂಗಂಟುತ್ತೆ, ಸಿಂಗ್ರಣ್ಣ?
ಕೇಳಿದ್ದಳು ಇಂಚರ, ತೂಬಿನಕೆರೆಯ ನಮ್ಮ ಶೆಡ್ಡಿಗೆ ಬಂದ ಮೊದಲ ದಿನ.
ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಗುಳಿ ಬಿದ್ದಿರ್ತವೆ, ಕೂತ್ಕೊಳುತ್ತೆ, ಅಂದೆ.
ಅಷ್ಟನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು,
ಕೆಳಗೆ ಗೆರೆ ಎಳೆದಳು.

ಆಮೇಲೆ ಮುಟ್ಟಬಾರದು.
(ಈ ಮಾತು ನಮ್ಮ ಕೇರಿಯವನ ಬಾಯಲ್ಲಿ ಬಂದಾಗ
ನನಗೇ ಒಂಥರಾ.)
ಗ್ಲೌಸು ಹಾಕ್ಕೋ ಮಗಾ, ಬೆಳಿಗ್ಗೆ ತಲೆಗೆ ಹಚ್ಚಿದ ಎಣ್ಣೆ
ಬೆರಳಲ್ಲೇ ಇರುತ್ತೆ, ಅಂತ ಮೂರು ಸಲ ಹೇಳಿದೆ.

ಪ್ರೈಮರು ಒಂದು ಕೈ. ಆರಲಿ.
ಮೇಲೆ ಎರಡು ಕೈ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ.
ಆಸೆಗೆ ದಪ್ಪ ಹೊಡೆದೆಯೋ,
ಬತ್ತಿದ ಕಟ್ಟೆಯ ತಳದ ಹಾಗೆ ಸೀಳು.

ಒಲೆಯ ಮುಳ್ಳು ಮುನ್ನೂರ ಎಂಬತ್ತು ಅಂದರೆ ನಂಬಬೇಡ,
ಅದು ಬರೀ ಗಾಳಿಯ ಮಾತು.
ಅಚ್ಚಿನ ಮೈಗೆ ಕಟ್ಟಿದ ತಂತಿ ಅನ್ನಬೇಕು ಮುನ್ನೂರ ಎಂಬತ್ತು.
ನಲವತ್ತು ಕೇಜಿ ಉಕ್ಕು ಒಪ್ಪಿಕೊಳ್ಳುವಷ್ಟರಲ್ಲಿ
ಯಲಿಯೂರಿನಲ್ಲಿ ಎರಡು ರೈಲು ದಾಟಿರುತ್ತವೆ.
ಅಲ್ಲಿಂದ ಎಣಿಸು ಹದಿನೈದು ನಿಮಿಷ.
ಫ್ಯಾನು ನಿಂತರೆ ಬಾಗಿಲು ತೆಗೆಯಬೇಡ:
ಒಂದು ಸಲ ಆ ಹೊಗೆ ಕುಡಿದು ರಾತ್ರಿಯೆಲ್ಲ ನಡುಗಿದೆ,
ನಮ್ಮವಳು ಮಲೇರಿಯಾ ಅಂದುಕೊಂಡು
ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದ್ದಳು.

ಹನ್ನೊಂದನೇ ದಿನ ವಾಪಸು ಬಂತು ಒಂದು ರಟ್ಟಿನ ಡಬ್ಬ,
ತುಂಬ ರಬ್ಬರ್ ಬುಷ್ಷು, ಕಪ್ಪಗೆ,
ಪ್ರತಿಯೊಂದರ ಹೊಟ್ಟೆಯ ಮೇಲೂ ಒಂದು ಕಲೆ.
ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ಹಿಡಿದೆವು:
ಸುಳಿ, ಸುಳಿಯೊಳಗೆ ಸುಳಿ,
ಎಡಗಡೆಗೆ ಒಂದು ಸಣ್ಣ ಕತ್ತರಿಸಿದ ಗೆರೆ.
ಹೆಬ್ಬೆರಳು.
ಮುಟ್ಟಿದಲ್ಲೇ ಪೊರೆ ಎದ್ದು,
ಅಲ್ಲಷ್ಟೇ ಅಂಟಿದೆ ರಬ್ಬರು, ಕಿತ್ತು ಬಂದಿದೆ ಪ್ರತಿ ಸಲವೂ.

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.
ಅವರ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ
ಸಂಬಳದ ಪುಸ್ತಕಕ್ಕೆ ಸಹಿ ಹಾಕಿದವಳು ಇವಳೇ ಮೊದಲು.

ನನ್ನದು, ಸಾರ್, ಅಂದೆ.
ಜಯಕೀರ್ತಿ ಸಾಹೇಬರು ಬೈಯ್ಯಲಿಲ್ಲ, ನಕ್ಕರು:
ನಿಮಗೆಲ್ಲಿದೆ ಬೆರಳು, ಸಿಂಗ್ರಯ್ಯ?
ಹಾಜರಿ ಮಿಷನ್ನಿಗೇ ಸಿಗಲ್ಲವಲ್ಲ.

ಮತ್ತೆ ಪೆಟ್ಟಿಗೆ, ಮತ್ತೆ ಮರಳು.
ಗಾಜಿಗೆ ಮೂಗು ಒತ್ತಿ ನಿಂತಿದ್ದಳು ಇಂಚರ,
ತನ್ನ ಹೆಬ್ಬೆಟ್ಟು ಹೊರಗಿಂದ ಒಳಗೆ ಸವೆಯುವುದನ್ನು ನೋಡುತ್ತ.
ಗ್ಲೌಸು ಹಾಕಿಕೊಂಡೇ ನೋಡುತ್ತಿದ್ದಳು.

ಆ ಬುಷ್ಷೊಂದು ನನ್ನ ಜೇಬಿನಲ್ಲೇ ಉಳಿಯಿತು.
ಭಾನುವಾರ ರೇಷನ್ನಿನ ಸಾಲಿನಲ್ಲಿ ಕೈಗೆ ಸಿಕ್ಕಿತು.
ಇದನ್ನೇ ಒತ್ತಿಬಿಟ್ಟರೆ?
ಒಪ್ಪೀತು ಮಿಷನ್ನು, ಅಕ್ಕಿ ಮಾತ್ರ ಅವಳ ಹೆಸರಿಗೆ.
ಜೇಬಿಗೆ ಹಾಕಿ ನನ್ನ ಬೆರಳನ್ನೇ ಇಟ್ಟೆ.
ಕೆಂಪು ದೀಪ.
ಇನ್ನೊಂದು ಬೆರಳು. ಕೆಂಪು.
ಚೆನ್ನಾಗಿ ಒರೆಸಿ ಇಡಿ ಯಜಮಾನ್ರೇ, ಅಂದ ಅಂಗಡಿಯವನು.

ಒರೆಸಿದೆ.