ಹದಿನಾರನೇ ಮೀಟರು

ದಡದಿಂದ ದಡಕ್ಕೆ ಹಗ್ಗ ಬಿಗಿದಿದ್ದೇವೆ, ನಲವತ್ತು ಮೀಟರು.
ಐಗಳಕೂರ್ವೆಯ ಗಜನಿಯಿಂದ ಅಘನಾಶಿನಿಗೆ ಇಳಿಯುವ ಕೋಡಿ,
ಇಳಿತದ ಎರಡನೇ ತಾಸು.
ಹಗ್ಗಕ್ಕೆ ಎಂಟೆಂಟು ಮೀಟರಿಗೊಂದು ಕೆಂಪು ಚಿಂದಿ,
ಹಮ್ಮು ಅಂಬಿಗರ ಹೆಂಡತಿಯ ಹಳೇ ಸೀರೆಯದು.
ಚಿಂದಿ ಬಂದಲ್ಲಿ ದೋಣಿ ನಿಲ್ಲುತ್ತದೆ.
ಆರು ಬಟ್ಟಲ ಯಂತ್ರವನ್ನು ನೀರಿಗೆ ಬಿಡುತ್ತೇನೆ,
ಆಳದ ಹತ್ತು ಪಾಲಿನಲ್ಲಿ ಆರು ಪಾಲು ಕೆಳಗೆ.
ಕಿವಿಗೆ ಸಿಕ್ಕಿಸಿದ ತಂತಿಯಲ್ಲಿ
ಟಿಕ್, ಟಿಕ್, ಸುತ್ತಿಗೊಂದು.

ಐದು ಚಿಂದಿ, ಐದು ಅಂಕಿ:
ಹನ್ನೆರಡು, ಮೂವತ್ನಾಲ್ಕು, ನಲವತ್ತಾರು, ಮೂವತ್ತೆಂಟು, ಹದಿನಾಲ್ಕು.
ಸೆಕೆಂಡಿಗೆ ಇಷ್ಟು ಸೆಂಟಿಮೀಟರು.
ದಡ ತಾಗುವಲ್ಲಿ ಸೊನ್ನೆ, ಅಳೆಯಬೇಕಾಗಿಲ್ಲ;
ಕೆಸರು ಕೈ ಹಿಡಿದ ನೀರು ಎಲ್ಲಿಗೂ ಹೋಗದು.

ಉಳಿದ ನೀರು?
ಚಿಂದಿಗೂ ಚಿಂದಿಗೂ ನಡುವೆ
ಯಾರೂ ಮಾತಾಡಿಸದೆ ದಾಟಿ ಹೋಗುವುದು?
ಅದರ ಸುದ್ದಿ ಅಕ್ಕಪಕ್ಕದಲ್ಲಿ ಕೇಳಬೇಕು,
ಗಂಡಿನ ಮನೆಗೆ ಬೀಗ ಕಂಡವರು
ನೆರೆಹೊರೆಯ ಜಗಲಿ ಹತ್ತಿ ವಿಚಾರಿಸುವ ಹಾಗೆ.
ಗೋಡೆ ಹಂಚಿಕೊಂಡವರ ಮಾತಿಗೆ ತೂಕ ಹೆಚ್ಚು.
ದೂರ ಇಮ್ಮಡಿಯಾದರೆ ಮಾತು ಕಾಲು ಪಾಲು,
ಮುಮ್ಮಡಿಯಾದರೆ ಒಂಬತ್ತರಲ್ಲೊಂದು,
ಆಚೆ ಕೇರಿಯವರದು ಬರೀ ಕೆಮ್ಮು.
ಆದರೂ ಕೆಮ್ಮನ್ನೂ ಬಿಡುವ ಹಾಗಿಲ್ಲ, ಲೆಕ್ಕಕ್ಕುಂಟು.

ಎಲ್ಲ ಗುಣಿಸಿ, ಕೂಡಿಸಿ, ತೂಕದಿಂದ ಭಾಗಿಸಿ
ಹದಿನಾರನೇ ಮೀಟರಿಗೆ ಮೂವತ್ತೆಂಟು ಬಂತು.
ಮೊಣಕಾಲ ಮೇಲಿನ ರಿಜಿಸ್ಟರಿನಲ್ಲಿ ಬರೆದೆ.
ಗೆರೆ ಎಳೆದರೆ ಬೋರಲಿಟ್ಟ ಬೋಗುಣಿಯಂತೆ ನುಣುಪು,
ಎಲ್ಲೂ ಬೆರಳು ತಡೆಯದು.

ಎಷ್ಟು ಬಂತು, ಕೇಳಿದರು ಹಮ್ಮು.
ಹೇಳಿದೆ.
ಅವರು ನಗಲಿಲ್ಲ. ಬೀಡಿಯನ್ನು ದೋಣಿಯ ಅಂಚಿಗೆ ಒತ್ತಿ ಆರಿಸಿ,
ಉಳಿದರ್ಧ ಕಿವಿಗೆ ಸಿಕ್ಕಿಸಿಕೊಂಡು,
“ಅಲ್ಲಿ ನೀರು ಹೋಗೂದಲ್ಲ ಮೇಡಮ್ಮ, ಬರೂದು.”

ಅವರಪ್ಪನ ಕಾಲದ ಕಟ್ಟೆ, ಯಾವುದೋ ನೆರೆಗೆ ಕುಸಿದದ್ದು.
ಕಲ್ಲು ಇನ್ನೂ ಕೆಳಗಿದೆ.
ಬಳಚು ಹೆಕ್ಕುವ ಹೆಂಗಸರು ಬುಟ್ಟಿಯನ್ನು ಅಲ್ಲೇ ತೇಲಬಿಟ್ಟು
ಮುಳುಗುತ್ತಾರಂತೆ. ಎದ್ದಾಗ
ಬುಟ್ಟಿ ಅಲ್ಲೇ ಇರುತ್ತದಂತೆ.

ಕಾಂದಲದ ಎಲೆಯೊಂದನ್ನು ಕಿತ್ತು ಎಸೆದರು.
ಎರಡು ಮಾರು ಹೋಯಿತು,
ಏನೋ ಮರೆತವರಂತೆ ನಿಂತಿತು,
ಮೆಲ್ಲಗೆ ತಿರುಗಿ ನಮ್ಮ ಕಡೆಗೇ ಬಂತು.

ನಮ್ಮಕ್ಕನ ಮದುವೆಗೂ ವಿಚಾರಿಸಿದ್ದರು, ಐದು ಮನೆಯಲ್ಲಿ.
ಐದೂ ಮನೆಯವರು ಒಳ್ಳೆಯದನ್ನೇ ಹೇಳಿದ್ದರು.
ಯಾರೂ ಸುಳ್ಳು ಹೇಳಿರಲಿಲ್ಲ.

ಹದಿನಾರಕ್ಕೆ ಚಿಂದಿ ಇಲ್ಲ.
ಹಮ್ಮು ಗಳ ಊರಿ, ಮೈಯೆಲ್ಲ ಬಿಲ್ಲಾಗಿ, ದೋಣಿ ಹಿಡಿದರು.
ಯಂತ್ರ ಇಳಿಯಿತು. ಟಿಕ್.
ತುಂಬಾ ಹೊತ್ತಿನ ಮೇಲೆ, ಟಿಕ್.
ಬಟ್ಟಲುಗಳಿಗೆ ಹಿಂದು ಮುಂದು ತಿಳಿಯದು,
ಹೇಗೆ ಬಂದರೂ ಒಂದೇ ಸುತ್ತು.
ಬಾಲಕ್ಕೆ ತಿಳಿಯುತ್ತದೆ:
ಅಷ್ಟು ಹೊತ್ತೂ ಹೊಳೆಯತ್ತ ಚಾಚಿದ್ದ ಬಾಲ
ಕಲಕು ನೀರಿನೊಳಗೆ ಮಸುಕು ಮಸುಕಾಗಿ
ಗಜನಿಯತ್ತ ಹೊರಳಿತ್ತು.

ಮೂವತ್ತೆಂಟನ್ನು ಹೊಡೆದು ಹಾಕಿ ಬರೆದೆ: ಋಣ ಒಂಬತ್ತು.
ಆಫೀಸಿನವರು ಕೈತಪ್ಪೆಂದು ತಿದ್ದಿಯಾರು,
ಪಕ್ಕದಲ್ಲಿ ಷರಾ ಹಾಕಿದೆ:
ತಪ್ಪಲ್ಲ. ತೋರಿಸಿದವರು ಹಮ್ಮು ಅಂಬಿಗ.

ಹಾಗಾದರೆ ಹದಿನಾಲ್ಕರಲ್ಲಿ? ಹದಿನೆಂಟರಲ್ಲಿ?
ಇಳಿತ ಮುಗಿಯಲು ಇನ್ನೂ ತಾಸಿದೆ.
ಚಿಂದಿ ಸಾಲದು, ಅಂದೆ.
ಅವರು ಹೆಗಲ ಟುವಾಲಿನ ಅಂಚನ್ನು ಹಲ್ಲಲ್ಲಿ ಕಚ್ಚಿ
ಪರ್ರನೆ ಹರಿದರು.